ನೋಡದ ಚಿತ್ರಕ್ಕೆ ಜಗಳ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮ ಹಿರಿಯರು ಆತುರಗಾರರನ್ನು ಹಾಸ್ಯ ಮಾಡುವುದುಂಟು. ಕುಲಾವಿ ಹೊಲಿಸುವವರನ್ನಾದರೂ ಕ್ಷಮಿಸಬಹುದು. ಅವರಿಗೆ ಕೂಸಿನ ಮೇಲೆ ಪ್ರೀತಿಯಿರುತ್ತದೆ. ಕೂಸು ಹುಟ್ಟುವುದಕ್ಕೆ ಒಂದು ವರ್ಷ ಇರುವಾಗಲೇ ಅದರ ಮೂಗು ಸರಿಯಿಲ್ಲವೆಂದು ಜಗಲಿಯ ಮೇಲೆ ನಿಂತು ಕೂಗಾಡುವವರನ್ನು ಏನೆನ್ನೋಣ? ೨೦೨೪ರ ಮೇ ತಿಂಗಳಿನಿಂದ ೨೦೨೫ರ ಜುಲೈ ತಿಂಗಳವರೆಗೆ ನಮ್ಮ ಹಾಸ್ಟೆಲಿನಲ್ಲಿ ಅಂಥದೊಂದು ಕೂಗಾಟ ನಡೆಯಿತು. ಅದರಲ್ಲಿ ಒಬ್ಬ ಕಕ್ಷಿದಾರ ನಾನೇ ಆಗಿದ್ದುದರಿಂದ, ಈ ಲೇಖನದಲ್ಲಿ ನಿಷ್ಪಕ್ಷಪಾತವನ್ನು ಯಾರೂ ನಿರೀಕ್ಷಿಸಬಾರದು. ಜಗಳ ಹುಟ್ಟಿದ್ದೇನೋ ಅಮೆರಿಕದಲ್ಲಿ. ಆದರೆ ಅಂಗೈಯೊಳಗಿನ ಫೋನು ಅದನ್ನು ಹೊತ್ತು ತಂದು ನಮ್ಮ ಊಟದ ಮನೆಯ ಬೆಂಚಿನ ಮೇಲೆ ಕೂರಿಸಿತು.

ಅಧ್ಯಾಪಕ ವರ್ಗದಲ್ಲಿ ಈ ವಿಷಯವನ್ನು ಅರಿಯದವರೂ ಇರಬಹುದಾದ್ದರಿಂದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಸೂಪರ್‌ಮ್ಯಾನ್ ಎಂಬ ಅತಿಮಾನುಷ ವೀರನನ್ನು ಅಮೆರಿಕದ ಚಿತ್ರೋದ್ಯಮ ಹಲವು ಬಾರಿ ತೆರೆಗೆ ತಂದಿದೆ. ೧೯೭೮ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ಚಿತ್ರದಲ್ಲಿ ಕ್ರಿಸ್ಟೋಫರ್ ರೀವ್ ಆ ಪಾತ್ರ ವಹಿಸಿದ್ದರು. ೨೦೧೩ರಲ್ಲಿ ಜ್ಯಾಕ್ ಸ್ನೈಡರ್ ನಿರ್ದೇಶಿಸಿದ ‘ಮ್ಯಾನ್ ಆಫ್ ಸ್ಟೀಲ್’ ಚಿತ್ರದಲ್ಲಿ ಹೆನ್ರಿ ಕ್ಯಾವಿಲ್. ರೀವ್ ಅವರ ವೀರ ನಗುಮುಖದವನು. ಕ್ಯಾವಿಲ್ ಅವರ ವೀರ ಗಂಭೀರ, ಏಕಾಂಗಿ. ಅರ್ಧ ನಗರ ನೆಲಸಮವಾದ ಮೇಲೆ ಶತ್ರುವಿನ ಕತ್ತನ್ನು ತನ್ನ ಕೈಯಿಂದಲೇ ಮುರಿದು, ಹಾಗೆ ಮಾಡಬೇಕಾಯಿತಲ್ಲಾ ಎಂದು ಚೀರುತ್ತಾನೆ. ೨೦೨೨ರ ಅಕ್ಟೋಬರಿನಲ್ಲಿ ತಾವು ಮತ್ತೆ ಆ ಪಾತ್ರಕ್ಕೆ ಮರಳುವುದಾಗಿ ಕ್ಯಾವಿಲ್ ಸಾರಿದರು. ಡಿಸೆಂಬರಿನಲ್ಲಿ, ಮರಳುವುದಿಲ್ಲವೆಂದು ಅವರೇ ಸಾರಬೇಕಾಯಿತು. ಅಷ್ಟರಲ್ಲಿ ಡೀಸಿ ಸ್ಟುಡಿಯೋದ ಆಡಳಿತ ಜೇಮ್ಸ್ ಗನ್ ಮತ್ತು ಪೀಟರ್ ಸಫ್ರನ್ ಎಂಬಿಬ್ಬರ ಕೈಗೆ ಬಂದಿತ್ತು. ಗನ್ ಅವರು ಹೊಸ ನಟ ಡೇವಿಡ್ ಕೊರೆನ್‌ಸ್ವೆಟ್ ಅವರನ್ನು ಆರಿಸಿ, ತಾವೇ ಕಥೆ ಬರೆದು ತಾವೇ ನಿರ್ದೇಶಿಸಲು ಹೊರಟರು. ಹೀಗೆ ಹಿಂದಿನ ಲೆಕ್ಕವನ್ನೆಲ್ಲ ಚುಕ್ತಾ ಮಾಡಿ ಹೊಸ ಖಾತೆ ತೆರೆಯುವುದಕ್ಕೆ ‘ರೀಬೂಟ್’ ಎಂದು ಹೆಸರು. ಕಂಪ್ಯೂಟರು ಮುಷ್ಕರ ಹೂಡಿದಾಗ ಅದನ್ನು ಆರಿಸಿ ಮತ್ತೆ ಹಚ್ಚುವುದಕ್ಕೂ ಇದೇ ಹೆಸರು. ಆದರೆ ಕಂಪ್ಯೂಟರಿಗೆ ಆರುವಾಗ ನೋವಾಗುವುದಿಲ್ಲ.

ಮೊದಲ ಕಾಳಗ ಚಡ್ಡಿಯದು. ಸಂಪಾದಕರು ಕ್ಷಮಿಸಬೇಕು, ಇದಕ್ಕಿಂತ ಮರ್ಯಾದೆಯ ಶಬ್ದ ಈ ವಸ್ತುವಿಗೆ ನನಗೆ ತಿಳಿಯದು. ಹಳೆಯ ಸೂಪರ್‌ಮ್ಯಾನ್ ನೀಲಿ ಉಡುಪಿನ ಮೇಲೆ ಕೆಂಪು ಚಡ್ಡಿ ಧರಿಸುತ್ತಿದ್ದ. ೨೦೧೧ರಲ್ಲಿ ಚಿತ್ರಕಥಾ ಪತ್ರಿಕೆಯವರು ಅದನ್ನು ಕಿತ್ತುಹಾಕಿದರು, ೨೦೧೮ರಲ್ಲಿ ಮತ್ತೆ ತೊಡಿಸಿದರು. ೨೦೧೩ರ ಚಿತ್ರದಲ್ಲಿ ಅದು ಇರಲೇ ಇಲ್ಲ. ೨೦೨೪ರ ಮೇ ತಿಂಗಳಲ್ಲಿ ಹೊಸ ಚಿತ್ರದ ಮೊದಲ ಛಾಯಾಚಿತ್ರ ಹೊರಬಿತ್ತು: ವೀರನು ಕುಳಿತು ಬೂಟು ಹಾಕಿಕೊಳ್ಳುತ್ತಿದ್ದಾನೆ, ಕಿಟಕಿಯಾಚೆ ನಗರದ ಮೇಲೆ ಏನೋ ಉತ್ಪಾತ. ಉತ್ಪಾತವನ್ನು ಯಾರೂ ನೋಡಲಿಲ್ಲ. ಚಡ್ಡಿ ಬಂದಿದೆ ಎಂದು ಒಬ್ಬರು ಹಬ್ಬ ಮಾಡಿದರೆ, ಬಂದೇಬಿಟ್ಟಿತಲ್ಲಾ ಎಂದು ಇನ್ನೊಬ್ಬರು ಹಣೆ ಚಚ್ಚಿಕೊಂಡರು. ಉಡುಪು ಮುದುರಿದೆ, ಮುಖದಲ್ಲಿ ದಣಿವಿದೆ, ಬೂಟು ಹಾಕಿಕೊಳ್ಳುವ ವೀರನೂ ಒಬ್ಬ ವೀರನೇ, ಹೀಗೆ ಒಂದು ಚಿತ್ರಕ್ಕೆ ನೂರು ಭಾಷ್ಯ. ಅಂತರಿಕ್ಷದಿಂದ ಬಂದು ಕಣ್ಣಿನಿಂದ ಬೆಂಕಿ ಉಗುಳಬಲ್ಲವನನ್ನು ಕಂಡು ಮಕ್ಕಳು ಹೆದರಬಾರದು, ಅದಕ್ಕೇ ಈ ವೇಷ ಎಂದು ನಟನೇ ವಾದಿಸಿ ತಮ್ಮನ್ನು ಒಪ್ಪಿಸಿದರೆಂದು ಗನ್ ಆಮೇಲೆ ಹೇಳಿಕೊಂಡರು. ನನ್ನ ಮಟ್ಟಿಗೆ ಆ ಹದಿನಾಲ್ಕು ತಿಂಗಳುಗಳಲ್ಲಿ ಕೇಳಿದ ಅತ್ಯಂತ ವಿವೇಕದ ಮಾತು ಇದೇ.

ಆಮೇಲೆ ಡಿಸೆಂಬರಿನಲ್ಲಿ ಟ್ರೈಲರ್ ಬಂತು. ವೀರನು ರಕ್ತ ಕಾರುತ್ತ ಹಿಮದ ಮೇಲೆ ಬಿದ್ದಿದ್ದಾನೆ. ಸಿಳ್ಳೆ ಹೊಡೆದಾಗ ಕ್ರಿಪ್ಟೋ ಎಂಬ ಬಿಳಿಯ ನಾಯಿ ಓಡಿಬರುತ್ತದೆ. ಇಲ್ಲಿಂದ ನಮ್ಮ ಕೋಣೆಯ ಯುದ್ಧ ಆರಂಭ. ನನ್ನ ಕೋಣೆಯ ಗೆಳೆಯ ಬಳ್ಳಾರಿಯ ಕಡೆಯವನು, ಕ್ಯಾವಿಲ್ ಪಕ್ಷ. “ಏನಯ್ಯಾ ಇದು, ಸೂಪರ್‌ಮ್ಯಾನಿಗೆ ನಾಯಿ ಬಂದು ಜೀವ ಉಳಿಸಬೇಕಾ?” ಎಂದ. ನಾನು ಸುಮ್ಮನಿರಬಹುದಿತ್ತು. “ಕತ್ತು ಮುರಿಯುವುದಕ್ಕಿಂತ ನಾಯಿ ಸಾಕುವುದು ಮೇಲು” ಎಂದೆ. ಅಲ್ಲಿಗೂ ನಿಲ್ಲಿಸದೆ, ಅವನ ಮೆಚ್ಚಿನ ಚಿತ್ರ ಸಿಮೆಂಟು ಪುಡಿಯಾಗುವುದನ್ನು ಎರಡೂವರೆ ಗಂಟೆ ತೋರಿಸುವ ಚಿತ್ರವೆಂದೂ, ಅದನ್ನು ಮೆಚ್ಚುವವರಿಗೆ ಕಥೆಯ ರುಚಿಯೇ ತಿಳಿಯದೆಂದೂ ಇತರರ ಮುಂದೆ ಹೇಳಿದೆ. ಅವನು ಚಾಪೆ ಸುತ್ತಿಕೊಂಡು ಪಕ್ಕದ ಕೋಣೆಗೆ ಹೋದ. ನಾಲ್ಕು ತಿಂಗಳು ಮಾತಿಲ್ಲ.

ಬೇರೊಬ್ಬರಿಂದ ನನಗೆ ತಿಳಿದದ್ದು ಇಷ್ಟು: ಎಂಟು ವರ್ಷದ ಹುಡುಗನಾಗಿದ್ದಾಗ ಅವನ ಅಣ್ಣ ಅವನನ್ನು ಬಸ್ಸು ಹತ್ತಿಸಿ ಪಟ್ಟಣಕ್ಕೆ ಕರೆದೊಯ್ದು ತೋರಿಸಿದ ಮೊದಲ ಇಂಗ್ಲಿಷ್ ಚಿತ್ರ ಅದು. ಅಣ್ಣ ಈಗ ದುಬೈಯಲ್ಲಿದ್ದಾನೆ, ಎರಡು ವರ್ಷಕ್ಕೊಮ್ಮೆ ಬರುತ್ತಾನೆ.

ಹೀಗಿರಲು, ಪರಸ್ಪರ ಎಸೆಯುತ್ತಿದ್ದ ವಾದಗಳನ್ನು ಏಕಾಂತದಲ್ಲಿ ಕುಳಿತು ಮತ್ತೆ ತೂಗಿ ನೋಡಬೇಕೆನಿಸಿತು. ಎರಡು ಪಕ್ಷದವರ ಬಾಯಲ್ಲಿಯೂ ಬರುತ್ತಿದ್ದ ಮುಖ್ಯ ಮಾತು ‘ಮೂಲಕ್ಕೆ ನಿಷ್ಠೆ’. ಮೂಲವಾದರೂ ಯಾವುದು? ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ೧೯೩೮ರ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಆ ಸೂಪರ್‌ಮ್ಯಾನಿಗೆ ಹಾರಲು ಬರುತ್ತಿರಲಿಲ್ಲ! ಹರ್ಲಾಂಗಿನಷ್ಟು ದೂರ ನೆಗೆಯುತ್ತಿದ್ದ, ಅಷ್ಟೇ. ಅವನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಹೆಸರು ‘ಡೈಲಿ ಪ್ಲಾನೆಟ್’ ಅಲ್ಲ, ‘ಡೈಲಿ ಸ್ಟಾರ್’. ಅವನ ವೈರಿ ಲೆಕ್ಸ್ ಲೂಥರ್ ಬಂದದ್ದು ೧೯೪೦ರಲ್ಲಿ, ಆಗ ಅವನ ತಲೆತುಂಬ ಕೆಂಪು ಕೂದಲಿತ್ತು. ಅವನನ್ನು ನಿಸ್ಸತ್ತ್ವಗೊಳಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಬಂದದ್ದು ೧೯೪೩ರ ರೇಡಿಯೋ ನಾಟಕದಿಂದ. ನಮ್ಮ ಕೋಣೆಯನ್ನು ಒಡೆದ ಆ ನಾಯಿ ೧೯೫೫ರಲ್ಲಿ ಹುಟ್ಟಿತು. ಅಂದಮೇಲೆ ನಾವು ‘ಮೂಲ’ ಎಂದು ಕರೆಯುತ್ತಿದ್ದುದು ನಾವು ಹುಡುಗರಾಗಿದ್ದಾಗ ಮೊದಲು ನೋಡಿದ್ದನ್ನು. ನನ್ನ ಮೂಲ ದೂರದರ್ಶನದಲ್ಲಿ ಕಂಡ ರೀವ್. ಅವನ ಮೂಲ ಅಣ್ಣನ ಪಕ್ಕದಲ್ಲಿ ಕುಳಿತು ಕಂಡ ಕ್ಯಾವಿಲ್.

ತೆರೆಗೆ ಬರುವ ಮುನ್ನ ಕೊಟ್ಟ ತೀರ್ಪುಗಳು ಎಷ್ಟು ಬಾರಿ ಬಿದ್ದುಹೋಗಿವೆಯೋ ಲೆಕ್ಕವಿಲ್ಲ. ೧೯೮೮ರಲ್ಲಿ ಬ್ಯಾಟ್‌ಮ್ಯಾನ್ ಪಾತ್ರಕ್ಕೆ ಹಾಸ್ಯನಟನೆಂದು ಹೆಸರಾಗಿದ್ದ ಮೈಕೆಲ್ ಕೀಟನ್ ಅವರನ್ನು ಆರಿಸಿದಾಗ ಸ್ಟುಡಿಯೋಗೆ ಸುಮಾರು ಐವತ್ತು ಸಾವಿರ ಪ್ರತಿಭಟನೆಯ ಕಾಗದಗಳು ಬಂದವೆಂದು ಪ್ರತೀತಿ. ಅಭಿಮಾನಿಗಳ ಭಯ ಸುಳ್ಳಿನದಾಗಿರಲಿಲ್ಲ. ೧೯೬೬ರ ಟೆಲಿವಿಷನ್ ಧಾರಾವಾಹಿ ಆ ವೀರನನ್ನು ವಿದೂಷಕನನ್ನಾಗಿ ಮಾಡಿಟ್ಟಿತ್ತು, ಮತ್ತೆ ಹಾಗೇ ಆದರೇನು ಗತಿ ಎಂಬ ಅಂಜಿಕೆ ಅವರದು. ೧೯೮೯ರಲ್ಲಿ ಚಿತ್ರ ಬಂತು, ಜನ ಮುಗಿಬಿದ್ದರು. ೨೦೨೩ರಲ್ಲಿ ಅದೇ ಕೀಟನ್ ಮುದುಕರಾಗಿ ಅದೇ ಪಾತ್ರದಲ್ಲಿ ಮತ್ತೆ ಬರುತ್ತಾರೆಂದಾಗ ಹೆಚ್ಚು ಸಂಭ್ರಮಪಟ್ಟವರು ಅಭಿಮಾನಿಗಳೇ. ಹಾಗೆಂದು ಅಭಿಮಾನಿಗಳು ಸದಾ ದಡ್ಡರೆಂದು ನಾನು ಹೇಳಲಾರೆ. ೨೦೧೫ರ ‘ಫೆಂಟಾಸ್ಟಿಕ್ ಫೋರ್’ ಚಿತ್ರ ಕೆಡುತ್ತದೆಂದು ಅವರು ಮೊದಲೇ ನುಡಿದರು, ಕೆಟ್ಟಿತು. ಆದರೆ ಅವರಲ್ಲಿ ಕೆಲವರು ಹೇಳಿದ ಕಾರಣ, ಅಕ್ಕ ತಮ್ಮಂದಿರ ಪಾತ್ರದಲ್ಲಿ ತಮ್ಮನಿಗೆ ಕಪ್ಪು ಬಣ್ಣದ ನಟನನ್ನು ಆರಿಸಿದ್ದಾರೆ ಎಂಬುದು. ಚಿತ್ರ ಕೆಟ್ಟದ್ದು ಆ ನಟನಿಂದಲ್ಲ. ಭವಿಷ್ಯ ಫಲಿಸಿದ ಮಾತ್ರಕ್ಕೆ ಜ್ಯೋತಿಷಿಯ ಮನಸ್ಸು ನಿರ್ಮಲವೆಂದು ಹೇಳಲಾಗದು.

ಈಗ ನನ್ನ ಮುಖ್ಯ ಸಂಶಯಕ್ಕೆ ಬರುತ್ತೇನೆ. ಒಂದು ಕಥೆಯನ್ನು ಮತ್ತೆ ಹೇಳುವುದು ನಮಗೇನೂ ಹೊಸದಲ್ಲ. ಪಂಪನು ಭಾರತವನ್ನು ಮತ್ತೆ ಹೇಳುವಾಗ ಅರ್ಜುನನನ್ನು ನಾಯಕನನ್ನಾಗಿ ಮಾಡಿ, ದ್ರೌಪದಿಯನ್ನು ಅವನೊಬ್ಬನಿಗೇ ಮದುವೆ ಮಾಡಿಸಿ, ಕೊನೆಯಲ್ಲಿ ಪಟ್ಟಾಭಿಷೇಕಕ್ಕೆ ಸುಭದ್ರೆಯನ್ನು ತಂದು ಕೂರಿಸಿದ. ಇಷ್ಟು ಧೈರ್ಯದ ರೀಬೂಟನ್ನು ಯಾವ ಸ್ಟುಡಿಯೋ ಮಾಡೀತು? ರನ್ನನಿಗೆ ಅದು ಸಾಲದಾಯಿತು. ಅವನು ಭೀಮನನ್ನು ನಾಯಕನನ್ನಾಗಿ ಮಾಡಿದ. ಕುಮಾರವ್ಯಾಸನಿಗೆ ಕೃಷ್ಣನೇ ಎಲ್ಲ. ಒಬ್ಬನಿಂದ ಇನ್ನೊಬ್ಬನು ಅಳಿಯಲಿಲ್ಲ. ನಮ್ಮ ತರಗತಿಯಲ್ಲಿಯೇ ಪಂಪನ ಪಕ್ಷ, ರನ್ನನ ಪಕ್ಷಗಳಿವೆ. ಪರೀಕ್ಷೆ ಹತ್ತಿರ ಬಂದಾಗ ಇಬ್ಬರೂ ಒಂದೇ ನೋಟ್ಸ್ ಓದುತ್ತಾರೆ. ಯಾರೂ ಚಾಪೆ ಸುತ್ತಿಕೊಂಡು ಹೋದದ್ದಿಲ್ಲ. ಹಾಗಾದರೆ ಸೂಪರ್‌ಮ್ಯಾನನ ವಿಷಯದಲ್ಲಿ ಮಾತ್ರ ಇಷ್ಟು ಕಹಿ ಏಕೆ?

ಭಾರತಕ್ಕೆ ಯಜಮಾನನಿಲ್ಲ, ಸೂಪರ್‌ಮ್ಯಾನಿಗೆ ಇದ್ದಾನೆ. ಇದೇ ನನಗೆ ಹೊಳೆದ ಉತ್ತರ. ಆ ವೀರನನ್ನು ಕಲ್ಪಿಸಿದವರು ಕ್ಲೀವ್‌ಲ್ಯಾಂಡ್ ನಗರದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು, ವಲಸೆ ಬಂದ ಯಹೂದಿ ಮನೆತನಗಳ ಮಕ್ಕಳು. ೧೯೩೮ರಲ್ಲಿ ಅವನ ಮೇಲಿನ ಸಕಲ ಹಕ್ಕನ್ನೂ ೧೩೦ ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಮುಂದೆ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ೧೯೭೮ರ ಭಾರಿ ಚಿತ್ರ ತಯಾರಾಗಲಿರುವ ಸುದ್ದಿ ಹಬ್ಬಿದಾಗ ಸೀಗಲ್ ಬಹಿರಂಗವಾಗಿ ತನ್ನ ಗೋಳು ಹೇಳಿಕೊಂಡ. ಇತರ ಚಿತ್ರಗಾರರು ಬೆಂಬಲಕ್ಕೆ ನಿಂತರು. ೧೯೭೫ರ ಡಿಸೆಂಬರಿನಲ್ಲಿ ಕಂಪನಿ ಇಬ್ಬರಿಗೂ ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರಿನಂತೆ ವರ್ಷಾಶನ ಕೊಡಲು, ಅವರ ಹೆಸರನ್ನು ಮತ್ತೆ ಅಚ್ಚು ಹಾಕಲು ಒಪ್ಪಿತು. ಹೆತ್ತವರ ಗತಿಯೇ ಇದಾದರೆ ಮುದ್ದಾಡಿದವರ ಗತಿ ಕೇಳಬೇಕೆ?

ಹಕ್ಕು ಒಂದೇ ಕೈಯಲ್ಲಿದ್ದಾಗ ರೀಬೂಟು ಎಂಬುದು ಕವಿಯ ಹಂಬಲದಿಂದಲೇ ಹುಟ್ಟಬೇಕೆಂದಿಲ್ಲ. ‘ಫೆಂಟಾಸ್ಟಿಕ್ ಫೋರ್’ ಕಥೆಯ ಹಕ್ಕು ವಾಯಿದೆ ಮೀರಿ ಕೈಬಿಟ್ಟೀತೆಂದು ತೊಂಬತ್ತರ ದಶಕದ ಆರಂಭದಲ್ಲಿ ಅಗ್ಗದಲ್ಲಿ ಒಂದು ಚಿತ್ರವನ್ನೇ ತೆಗೆದು, ಅದನ್ನು ಬಿಡುಗಡೆ ಮಾಡದೆ ಡಬ್ಬದಲ್ಲಿಟ್ಟರು. ಪಾಪ, ಅದರಲ್ಲಿ ನಟಿಸಿದವರು ಬಿಡುಗಡೆಯಾಗುತ್ತದೆಂದೇ ನಂಬಿದ್ದರು. ಪಂಪನ ದ್ರೌಪದಿ ನನಗೆ ಒಪ್ಪಿಗೆಯಾಗದಿದ್ದರೆ ನಾನು ಕುಮಾರವ್ಯಾಸನ ಬಳಿಗೆ ಹೋಗಬಹುದು. ಅವನೂ ಬೇಡವಾದರೆ ತಾಳಮದ್ದಳೆಗೆ ಹೋಗಿ ಕೂತು ಅರ್ಥಧಾರಿಯ ಬಾಯಿಂದ ಬೇರೆಯದೇ ದ್ರೌಪದಿಯನ್ನು ಕೇಳಬಹುದು. ನನ್ನ ಗೆಳೆಯನಿಗೆ ಅಂಥ ಇನ್ನೊಂದು ಬಾಗಿಲಿಲ್ಲ. ಕಂಪನಿ ಕ್ಯಾವಿಲ್ ಬೇಡವೆಂದಿತೋ, ಅವನ ಸೂಪರ್‌ಮ್ಯಾನನ ಕಥೆ ನಡುದಾರಿಯಲ್ಲಿ ನಿಂತಂತೆಯೇ. ೧೯೩೮ರ ಮೊದಲ ಸಂಚಿಕೆಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿಯುವುದು ೨೦೩೪ರ ಆರಂಭಕ್ಕೆ. ಅಲ್ಲಿಯವರೆಗೆ ಅಭಿಮಾನಿಗಿರುವುದು ಕೂಗುವ ಬಾಯಿಯೊಂದೇ.

ಆ ಬಾಯಿ ಒಮ್ಮೆ ಗೆದ್ದದ್ದೂ ಉಂಟು. ೨೦೧೭ರ ‘ಜಸ್ಟಿಸ್ ಲೀಗ್’ ಚಿತ್ರದ ನಡುವೆ ಮಗಳನ್ನು ಕಳೆದುಕೊಂಡ ಸ್ನೈಡರ್ ಕೆಲಸ ಬಿಟ್ಟು ಹೋದರು. ಬೇರೊಬ್ಬರು ಮುಗಿಸಿದ ಚಿತ್ರ ಯಾರಿಗೂ ಹಿಡಿಸಲಿಲ್ಲ. ಸ್ನೈಡರ್ ಅವರ ಪ್ರತಿಯನ್ನೇ ಕೊಡಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದು, ೨೦೨೧ರ ಮಾರ್ಚಿನಲ್ಲಿ ನಾಲ್ಕು ಗಂಟೆಯ ಚಿತ್ರವನ್ನು ಪಡೆದರು. ಅದೇ ಗುಂಪು ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಲಕ್ಷಗಟ್ಟಲೆ ಡಾಲರು ಕೂಡಿಸಿಕೊಟ್ಟಿತು. ಅದೇ ಗುಂಪಿನಲ್ಲಿದ್ದ ಕೆಲವರು ತಮಗಾಗದವರನ್ನು ಬಾಯಿಗೆ ಬಂದಂತೆ ಬೈದರು. ಎರಡೂ ನಿಜ. ಗನ್ ಅವರ ಹೊಸ ಚಿತ್ರದ ಐದಾರು ಸೆಕೆಂಡಿನ ತುಣುಕಿನಲ್ಲಿ ಹಾರುವ ವೀರನ ಮುಖ ವಿಕಾರವಾಗಿದೆಯೆಂದು ಗದ್ದಲವೆದ್ದಾಗ, ಮುಖದಲ್ಲಿ ಕಂಪ್ಯೂಟರಿನ ಕೈವಾಡವೇನೂ ಇಲ್ಲವೆಂದು ನಿರ್ದೇಶಕರೇ ಸಮಜಾಯಿಷಿ ಕೊಡಬೇಕಾಯಿತು. ಬಿಡುಗಡೆಗೆ ವಾರವಿರುವಾಗ, ಸೂಪರ್‌ಮ್ಯಾನ್ ಒಬ್ಬ ವಲಸಿಗ ಎಂಬರ್ಥದ ಮಾತನ್ನು ಗನ್ ಆಡಿದ್ದಕ್ಕೆ ಅಲ್ಲಿನ ರಾಜಕೀಯದವರೂ ಕಣಕ್ಕಿಳಿದರು. ಬೇರೆ ಗ್ರಹದಿಂದ ಬಂದ ಶಿಶುವನ್ನು ಸ್ಥಳೀಯನೆಂದು ಹೇಗೆ ಸಾಧಿಸುತ್ತಾರೋ ನಾ ಕಾಣೆ.

ಆದ್ದರಿಂದ, ನೋಡುವ ಮೊದಲು ಚರ್ಚಿಸಕೂಡದೆಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ನೋಡಿದ ಮೇಲೆ ಬೇಡಿಕೆ ಸಲ್ಲಿಸಿ ಏನು ಫಲ? ಕೇಳುವುದಾದರೆ ಮುಂಚೆಯೇ ಕೇಳಬೇಕು. ನಾನು ಮಾಡಿದ ತಪ್ಪು ಬೇರೆ. ಬಾರದ ಚಿತ್ರವನ್ನು ಹೊಗಳುವುದಕ್ಕಾಗಿ ಬಂದ ಚಿತ್ರವನ್ನು ಪ್ರೀತಿಸಿದವನ ರುಚಿಯನ್ನು ಹೀಗಳೆದೆ. ಅವನು ಕಳೆದುಕೊಳ್ಳುತ್ತಿದ್ದುದು ಏನೆಂದು ಕೇಳಲಿಲ್ಲ.

೨೦೨೫ರ ಜುಲೈ ೧೧ರಂದು ಚಿತ್ರ ಬಿಡುಗಡೆಯಾಯಿತು. ನಮ್ಮ ದೇಶದ ಸೆನ್ಸಾರ್ ಮಂಡಳಿ ಅದರಲ್ಲಿನ ೩೩ ಸೆಕೆಂಡುಗಳ ಚುಂಬನ ದೃಶ್ಯಕ್ಕೆ ಕತ್ತರಿ ಹಾಕಿತು. ಈ ಒಂದು ವಿಷಯದಲ್ಲಿ ಮಾತ್ರ ಇಡೀ ಹಾಸ್ಟೆಲು, ರೀವ್ ಪಕ್ಷ ಕ್ಯಾವಿಲ್ ಪಕ್ಷವೆನ್ನದೆ, ಒಕ್ಕೊರಲಿನಿಂದ ಖಂಡಿಸಿತು. ಗೆಳೆಯ ಪಕ್ಕದ ಕೋಣೆಯಿಂದ ಬಂದು ಮಂಡಳಿಯನ್ನು ಬೈದು ಹೋದ. ನಾಲ್ಕು ತಿಂಗಳಾದ ಮೇಲೆ ಎಂದೋ ಮಾತು ಶುರುವಾಗಿತ್ತಾದರೂ ಕುಶಲ ಪ್ರಶ್ನೆಗಿಂತ ಮುಂದೆ ಹೋಗಿರಲಿಲ್ಲ. ಚಿತ್ರಕ್ಕೆ ಕರೆದೆ, ಬರಲಿಲ್ಲ. ನೋಡಿಕೊಂಡು ಬಂದ ರಾತ್ರಿ ಬಾಗಿಲಲ್ಲಿ ನಿಂತು ಕೇಳಿದ:

“ನಾಯಿ ಹೇಗಿತ್ತು?”

“ತುಂಬಾ ಪುಂಡ ನಾಯಿ, ಮಾರಾಯ. ಹೇಳಿದ ಮಾತು ಒಂದೂ ಕೇಳುವುದಿಲ್ಲ.”

ಮುಂದಿನ ಭಾನುವಾರ ಅವನು ಒಬ್ಬನೇ ಹೋಗಿ ನೋಡಿ ಬಂದನೆಂದು ಮೆಸ್ಸಿನವರು ಹೇಳಿದರು. ತನ್ನ ಅಭಿಪ್ರಾಯವನ್ನು ಅವನು ಈವರೆಗೂ ನನಗೆ ತಿಳಿಸಿಲ್ಲ. ನಾನೂ ಕೇಳಿಲ್ಲ.