ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ

ಕೋರ್ಟಿನ ಕಟಕಟೆಯಲ್ಲಿ ನಮ್ಮ ಕೇರಿಯವರು ಆಡುವ ಮಾತು ಎರಡೇ. ಒಂದು 'ಹೂಂ ಬುದ್ಧಿ'. ಇನ್ನೊಂದು 'ತಪ್ಪಾಯ್ತು ಬುದ್ಧಿ'. ಗೌಡರ ಜಗಲಿಯ ಕೆಳಗೆ ನಿಂತು ತಲತಲಾಂತರದಿಂದ ಕಲಿತ ಈ ಎರಡು ಮಾತನ್ನೇ ಸಂವಿಧಾನದ ಹೆಸರಿನಲ್ಲಿ ನಡೆಯುವ ನ್ಯಾಯಾಲಯದಲ್ಲೂ ಆಡುತ್ತಿದ್ದೇವೆ. ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಈ ಎರಡು ಮಾತಿನ ಬೆಲೆ ಹತ್ತು ಸಾವಿರ ರೂಪಾಯಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಮ್ಮ ಸೀಮೆ. ಹೊಗೆಸೊಪ್ಪಿನ ಸೀಮೆ, ಭತ್ತದ ಸೀಮೆ. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವವರು, ಕೊಡಗಿನ ಕಾಫಿ ತೋಟಗಳಿಗೆ ಜೀಪಿನಲ್ಲಿ ಕುರಿಗಳ ಹಾಗೆ ತುಂಬಿಕೊಂಡು ಹೋಗುವವರು ನಮ್ಮ ಜನ. ದಣಿದ ಈ ಮೈಗಳಿಗೆ ಈ ವ್ಯವಸ್ಥೆ ತೋರಿಸಿಕೊಟ್ಟ ಮದ್ದು ಒಂದೇ, ಬಾಟ್ಲು.

ನನ್ನ ಚಿಕ್ಕಪ್ಪ ಬ್ಯಾರನ್ ಕೂಲಿ. ಒಂದು ರಾತ್ರಿ ಕೆಲಸ ಮುಗಿಸಿ ಟಿವಿಎಸ್‌ನಲ್ಲಿ ಬರುವಾಗ ಸಿಕ್ಕಿಬಿದ್ದ. 'ಊದ್ಲಾ' ಅಂದರು, ಊದಿದ. ಗಾಡಿ ಠಾಣೆಗೆ ಹೋಯಿತು. ಕೋರ್ಟಿನ ದಿನ ನಾನೂ ಜೊತೆಗೆ ಹೋಗಿದ್ದೆ. ಯಾವ ಕೋರ್ಟು ಎಂದು ಬರೆಯುವುದಿಲ್ಲ. ನನ್ನ ಜಗಳ ಒಬ್ಬ ನ್ಯಾಯಾಧೀಶರ ಜೊತೆ ಅಲ್ಲ. ಬೆಳಗ್ಗೆ ಹತ್ತಕ್ಕೆ ಹೋದವರು ಮಧ್ಯಾಹ್ನದವರೆಗೂ ಮರದ ಕೆಳಗೆ ಕೂತೆವು. ಹೆಸರು ಕೂಗಿದರು. ತಲೆಗೆ ಸುತ್ತಿದ್ದ ಟವಲು ಚಿಕ್ಕಪ್ಪನ ಕಂಕುಳಿಗೆ ಇಳಿಯಿತು.

'ಕುಡಿದಿದ್ದು ನಿಜಾನಾ?'

'ಹೂಂ ಬುದ್ಧಿ.'

'ತಪ್ಪು ಒಪ್ಕೋತೀಯಾ?'

'ತಪ್ಪಾಯ್ತು ಬುದ್ಧಿ.'

ಮುಗಿಯಿತು. ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ದಂಡದ ಹಣ ಎಲ್ಲಿಂದ ಬಂತು? ಬ್ಯಾರನ್ ಮಾಲೀಕನಿಂದ. ಮುಂದಿನ ವರ್ಷದ ಕೂಲಿಯಲ್ಲಿ ಮುರಿದುಕೊಳ್ಳುವ ಕರಾರಿನ ಮೇಲೆ. 1976ರಲ್ಲಿ ಜೀತಪದ್ಧತಿ ರದ್ದು ಮಾಡುವ ಕಾಯಿದೆ ಬಂತೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು. ಆ ಡಿಗ್ರಿ ಇಟ್ಟುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಚಿಕ್ಕಪ್ಪ ಕೋರ್ಟಿನ ರಸೀದಿ ಹಿಡಿದುಕೊಂಡು ಜೀತಕ್ಕೆ ಹೋದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಡಿದು ಗಾಡಿ ಓಡಿಸಿದ್ದು ತಪ್ಪೇ. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದುಹೋಗುವ ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ನಡೆದು ಬರುವವರು ಯಾರು? ನಮ್ಮ ಅವ್ವಂದಿರು, ನಮ್ಮ ಹಾಸ್ಟೆಲ್ ಮಕ್ಕಳು. ಅವರ ಮೇಲೆ ಚಿಕ್ಕಪ್ಪನ ಗಾಡಿ ಹರಿದಿದ್ದರೆ ಈ ಲೇಖನ ಬರೆಯುವ ಮುಖ ನನಗೆ ಇರುತ್ತಿರಲಿಲ್ಲ. ಶಿಕ್ಷೆ ಬೇಡ ಎಂಬುದು ನನ್ನ ವಾದವಲ್ಲ. ವಿಚಾರಣೆ ಆಗಲಿ ಎಂಬುದು ನನ್ನ ವಾದ.

ಹೆಲ್ಮೆಟ್ ಹಾಕದವನ ಕೇಸು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಯುತ್ತದೆ. ಕುಡಿದವನದು ಹಾಗಲ್ಲ. ಮೋಟಾರು ವಾಹನ ಕಾಯಿದೆ, 1988ರ 185ನೇ ಕಲಮಿನ ಕೇಸು ಕೋರ್ಟಿಗೇ ಹೋಗಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯ ಇದ್ದರೆ ಅಪರಾಧ. ವಾರಂಟಿಲ್ಲದೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಮುಂದೆ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟುಬಿಡಬೇಕು. ಬರೀ ಬಾಯಿವಾಸನೆ, ತೂರಾಟ ನೋಡಿ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟು 1971ರಲ್ಲೇ ಹೇಳಿದೆ. ಇದೆಲ್ಲ ಯಾರಿಗಾಗಿ ಬರೆದದ್ದು? ಎಲ್ಲರಿಗಾಗಿ. ದಕ್ಕುವುದು ಯಾರಿಗೆ? ವಕೀಲನನ್ನು ಇಟ್ಟುಕೊಳ್ಳಬಲ್ಲ ಉಳ್ಳವನಿಗೆ. ಅವನು ಯಂತ್ರದ ಲೆಕ್ಕ ಕೇಳುತ್ತಾನೆ, ಗಂಟೆಯ ಲೆಕ್ಕ ಕೇಳುತ್ತಾನೆ, ವಾಯಿದೆ ಕೇಳುತ್ತಾನೆ. ನಮ್ಮವನು ಕೇಳುವುದು ಒಂದೇ: 'ಎಷ್ಟು ಕಟ್ಬೇಕು ಬುದ್ಧಿ?'

ಇನ್ನೂ ಒಂದಿದೆ. ಆಪಾದಿತ ತಪ್ಪೊಪ್ಪಿಕೊಂಡರೆ, ಆದಷ್ಟೂ ಅವನು ಆಡಿದ ಮಾತಿನಲ್ಲೇ ಅದನ್ನು ದಾಖಲಿಸಬೇಕು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 252ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 275ನೇ ಕಲಂ. ಪದ್ಯ ಬರೆಯುವ ನನಗೆ ಈ ಕಲಂ ಓದಿದಾಗ ರೋಮಾಂಚನವಾಯಿತು. ನಮ್ಮ ಮಾತನ್ನು ನಮ್ಮ ಮಾತಿನಲ್ಲೇ ಬರೆಯಿರಿ ಎಂದು ಕಾನೂನೇ ಹೇಳುತ್ತಿದೆ! ಹಾಗಾದರೆ ಮರದ ಕೆಳಗೆ ಚಿಕ್ಕಪ್ಪ ನನ್ನೊಡನೆ ಆಡಿದ ಮಾತು ಇದು:

'ಬೆಳಗಿನ ಜಾವ ನಾಕಕ್ಕೆ ಹೋಗಿದ್ದೆ ಕಣ್ಲಾ ಮಗ. ಸೊಪ್ಪಿನ ಜೊತೇಲಿ ನಾನೂ ಬೆಂದೆ. ಕೂಲಿ ಅರ್ಧ ದುಡ್ನಲ್ಲಿ ಕೊಟ್ರು, ಅರ್ಧ ಬಾಟ್ಲಲ್ಲಿ ಕೊಟ್ರು. ರಾತ್ರಿ ಬಸ್ಸಿಲ್ಲ. ಎಂಗ್ ಬರ್ಲಿ?'

ಇದರಲ್ಲಿ ತಪ್ಪೊಪ್ಪಿಗೆಯೂ ಇದೆ, ದೂರೂ ಇದೆ. ಬಾಟ್ಲಿನಲ್ಲಿ ಕೂಲಿ ಕೊಟ್ಟವನ ಹೆಸರಿದೆ. ಇಲ್ಲದ ಬಸ್ಸಿನ ಸುದ್ದಿಯಿದೆ. ಕಡತಕ್ಕೆ ಹೋದದ್ದು 'ಹೂಂ' ಒಂದೇ.

ದಂಡದ ಲೆಕ್ಕಕ್ಕೆ ಬನ್ನಿ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲದ ತಪ್ಪಿಗೆ ಎರಡು ಸಾವಿರದವರೆಗೆ ದಂಡ ಇತ್ತು. ಆಮೇಲೆ ಹತ್ತು ಸಾವಿರ ಆಯಿತು. ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 27 ದಿನ ಮಣ್ಣು ಹೊತ್ತರೂ ಈ ದಂಡಕ್ಕೆ ಹತ್ತು ರೂಪಾಯಿ ಕಡಿಮೆ ಬೀಳುತ್ತದೆ. ಕಾರಿನಲ್ಲಿ ಸಿಕ್ಕಿಬಿದ್ದ ಸಾಹುಕಾರನಿಗೆ ಅದೇ ಹತ್ತು ಸಾವಿರ ಒಂದು ಸಂಜೆಯ ಖರ್ಚು. ಲೈಸೆನ್ಸು ಆರು ತಿಂಗಳು ಹೋದರೆ ಅವನು ಒಬ್ಬ ಡ್ರೈವರನ್ನು ಇಟ್ಟುಕೊಳ್ಳುತ್ತಾನೆ. ಲೈಸೆನ್ಸು ಹೋದ ಡ್ರೈವರು ಯಾರನ್ನು ಇಟ್ಟುಕೊಳ್ಳಬೇಕು? ಫಿನ್ಲೆಂಡ್ ದೇಶದಲ್ಲಿ ಅಪರಾಧಿಯ ಆದಾಯ ನೋಡಿ ದಿನದ ಲೆಕ್ಕದಲ್ಲಿ ದಂಡ ಹಾಕುವ ಪದ್ಧತಿ 1921ರಿಂದ ಇದೆ. ಅದನ್ನು ಸಮಾನತೆ ಅನ್ನಬಹುದು. ನಮ್ಮದು ಸಮಾನತೆಯ ವೇಷ.

ಇನ್ನು ಬಾಟ್ಲು ಮಾರುವವರು ಯಾರು? ದಲಿತ ಚಳವಳಿ ಎಂಬತ್ತರ ದಶಕದಲ್ಲೇ ಕೇಳಿತ್ತು: ನಮಗೆ ಹೆಂಡ ಬೇಡ, ನಮ್ಮ ಮಕ್ಕಳಿಗೆ ವಸತಿಶಾಲೆ ಕೊಡಿ ಎಂದು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಹಾಕಿಕೊಂಡದ್ದು ಸರ್ಕಾರ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಹೇಳಿದಾಗ ನಾವು ಸಂತೋಷಪಟ್ಟೆವು. ಮರುವರ್ಷ ಮಾರ್ಚಿನಲ್ಲಿ ಸಣ್ಣ ಊರುಗಳಿಗೆ ಅದು 220 ಮೀಟರ್ ಆಯಿತು. ಜುಲೈನಲ್ಲಿ ಪಟ್ಟಣದ ಎಲ್ಲೆಯೊಳಗಿನ ಅಂಗಡಿಗಳಿಗೆ ಆ ಆದೇಶವೇ ಅಡ್ಡಿಯಲ್ಲ ಎಂದಾಯಿತು. ಅಂಗಡಿ ರಸ್ತೆಗೆ ಬಂದರೆ ವ್ಯಾಪಾರ, ಕುಡಿದವನು ರಸ್ತೆಗೆ ಬಂದರೆ ಅಪರಾಧ. ಮಾರಿದವನೇ ಫಿರ್ಯಾದಿ!

ಕುಡಿದವನ ಗಾಡಿಯ ಕೆಳಗೆ ನಮ್ಮಂಥವರೇ ಬಿದ್ದಾಗ ಏನಾಗುತ್ತದೆ? 2006ರ ನವೆಂಬರ್ 12ರಂದು ಮುಂಬೈಯ ಬಾಂದ್ರಾದಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಶ್ರೀಮಂತ ಯುವಕನ ಕಾರು ಹರಿದು 7 ಜನ ಸತ್ತರು. ಅವನ ರಕ್ತದಲ್ಲಿ 112 ಮಿಲಿಗ್ರಾಂ ಮದ್ಯವಿತ್ತು. ಸೆಷನ್ಸ್ ಕೋರ್ಟು ಕೊಟ್ಟದ್ದು ಆರು ತಿಂಗಳು! ಯಾರಿಗೂ ಗುದ್ದದ ನನ್ನ ಚಿಕ್ಕಪ್ಪನಿಗೂ ಕಾನೂನು ಅಷ್ಟೇ ಜೈಲು ತೋರಿಸುತ್ತದೆ. ಮುಂಬೈ ಹೈಕೋರ್ಟು ಆ ಶಿಕ್ಷೆಯನ್ನು ಮೂರು ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಏಳು ಕೂಲಿ ಜೀವಕ್ಕೆ ಮೂರು ವರ್ಷ. ಭಾಗಿಸಿ ನೋಡಿ ಗೆಳೆಯರೆ.

ಹಾಗಾದರೆ ಏನು ಮಾಡಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಯಾರಿಗೇ ಆಗಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ಆದಾಯದ ಪ್ರಶ್ನೆಯೇ ಇಲ್ಲ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ತಪ್ಪೊಪ್ಪುತ್ತೀಯಾ ಎಂದು ಕೇಳುವ ಮೊದಲು ಈ ಹಕ್ಕನ್ನು ಕನ್ನಡದಲ್ಲಿ, ಅರ್ಥವಾಗುವ ಹಾಗೆ ಹೇಳಬೇಕು. ದಂಡ ಆದಾಯಕ್ಕೆ ತಕ್ಕಂತೆ ಇರಬೇಕು. ಬಾಟ್ಲಿನಲ್ಲಿ ಕೂಲಿ ಕೊಡುವವನನ್ನೂ ಕಟಕಟೆಗೆ ತರಬೇಕು. ನಾವೂ ಒಂದು ಆಣೆ ಮಾಡಬೇಕು, ಕುಡಿದ ದಿನ ಗಾಡಿಯ ಕೀಲಿ ಮುಟ್ಟುವುದಿಲ್ಲ ಎಂದು.

ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ಬಾಬಾಸಾಹೇಬರು ಕಪ್ಪು ಕೋಟು ತೊಟ್ಟು ವಾದಿಸಿದ ಕೋರ್ಟು ನಮಗೆ ಪರಕೀಯವಲ್ಲ. ನಾಳೆ ನಿಮ್ಮ ಕೇರಿಯವನಿಗೆ ಸಮನ್ಸು ಬಂದರೆ ನಾನು ನಿಂತ ಹಾಗೆ ಮೂಕನಾಗಿ ನಿಲ್ಲಬೇಡಿ. ಹಿಂದಿನ ರಾತ್ರಿಯೇ ಅವನ ಮನೆಗೆ ಹೋಗಿ. ಒಂದೇ ಒಂದು ಮಾತು ಬಾಯಿಪಾಠ ಮಾಡಿಸಿ:

'ಸ್ವಾಮಿ, ನಂಗೆ ವಕೀಲ್ರು ಬೇಕು. ನಾನ್ ಹೇಳಿದ್ನ ಹೇಳ್ದಂಗೇ ಬರ್ಕೊಳ್ಳಿ.'

'ಬುದ್ಧಿ' ಅನ್ನುವುದು ಬೇಡ.