ಬಾಣಂತನ ಮುಗಿಸಿ ವಿಮಾನ ಹತ್ತುವ ತಾಯಿಗೆ

ನಮ್ಮ ಕಡೆ ಚೊಚ್ಚಲ ಹೆರಿಗೆ ಎಂದರೆ ತವರಿನಲ್ಲೇ. ಐದನೇ ತಿಂಗಳಿಗೆ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡಬೇಕು. ಇಳಕಲ್ಲು, ಹುನಗುಂದ, ಬಾದಾಮಿಯ ಅಳಿಯಂದಿರಲ್ಲಿ ಎಷ್ಟೋ ಮಂದಿ ಬೆಂಗಳೂರು, ಮುಂಬೈಗಳಲ್ಲಿ ದುಡಿಯುತ್ತಿದ್ದಾರೆ. ಮೊದಲು ಇದು ರಾತ್ರಿ ಬಸ್ಸಿನ ಅಥವಾ ರೈಲಿನ ಮಾತಾಗಿತ್ತು. ಹುಬ್ಬಳ್ಳಿ ವಿಮಾನ ನಿಲ್ದಾಣದ ಹೊಸ ಕಟ್ಟಡ 2017ರಲ್ಲಿ ತೆರೆದು, ಮರುವರ್ಷದಿಂದ ವಿಮಾನಗಳು ಹೆಚ್ಚಿದ ಮೇಲೆ, "ಕೂಸಿಗೆ ತ್ರಾಸಾಗಬಾರದು, ವಿಮಾನದಲ್ಲೇ ಬಾ" ಎನ್ನುವ ಗಂಡಂದಿರು ಹೆಚ್ಚಾಗಿದ್ದಾರೆ. ಅವರಿಗೆ ರಜೆ ಸಿಗುವುದಿಲ್ಲ. ಹಾಗಾಗಿ ಎಂದೂ ವಿಮಾನ ಹತ್ತದ ಹುಡುಗಿ ಕೂಸನ್ನೆತ್ತಿಕೊಂಡು ಒಬ್ಬಳೇ ಹೊರಡುತ್ತಾಳೆ.

ಮನೆಯಲ್ಲಿ ನಾನಿಯ ಚಿಂತೆ ಒಂದೇ: "ಅಷ್ಟು ಎತ್ತರಕ್ಕೆ ಹೋದ್ರೆ ಕೂಸಿನ ಕಿವಿ ಏನಾಗಬ್ಯಾಡ?" ಹುಡುಗಿಯರು ನಗುತ್ತಾರೆ. ಆದರೆ ನಾನಿಯ ಮಾತಿನಲ್ಲಿ ಹುರುಳಿದೆ.

ಕಿವಿಯ ತಮಟೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಗಾಳಿ ಇರುತ್ತದೆ. ಅಲ್ಲಿಂದ ಗಂಟಲಿಗೆ ಒಂದು ಸಣ್ಣ ನಾಳ. ವಿಮಾನ ಏರುವಾಗ ಒಳಗಿನ ಗಾಳಿ ಈ ನಾಳದ ಮೂಲಕ ಸುಲಭವಾಗಿ ಹೊರಬರುತ್ತದೆ. ಇಳಿಯುವಾಗ ಮಾತ್ರ ಗಾಳಿ ಮತ್ತೆ ಒಳಗೆ ಹೋಗಬೇಕು, ಅದು ಅಷ್ಟು ಸುಲಭವಲ್ಲ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ನಾಳ ತೆರೆದುಕೊಳ್ಳುತ್ತದೆ. ಕೂಸಿಗೆ ಇದು ಗೊತ್ತಿಲ್ಲ, ಅದರ ನಾಳವೂ ಕಿರಿದು. ಅದಕ್ಕೇ ವಿಮಾನ ಇಳಿಯುವ ಹೊತ್ತಿಗೆ ಚೀರಾಟ.

ಇದಕ್ಕೆ ಮದ್ದು ತಾಯಿಯ ಮಡಿಲಲ್ಲೇ ಇದೆ. ವಿಮಾನ ಏರುವಾಗ ಮತ್ತು ಇಳಿಯುವಾಗ ಹಾಲು ಕುಡಿಸಿ. ನುಂಗಿದಂತೆಲ್ಲ ಕಿವಿ ಹಗುರಾಗುತ್ತದೆ. ಆದರೆ ಹೆಚ್ಚಿನ ತಾಯಂದಿರು ಹೊರಡುವ ಮೊದಲೇ ಹೊಟ್ಟೆ ತುಂಬ ಕುಡಿಸಿ ಮಲಗಿಸಿಬಿಡುತ್ತಾರೆ. ಪಕ್ಕದ ಸೀಟಿನಲ್ಲಿ ಪರಪುರುಷರು ಕುಳಿತಿರುತ್ತಾರೆ, ಅಲ್ಲಿ ಹೇಗೆ ಹಾಲೂಡಿಸುವುದು ಎಂಬ ಸಂಕೋಚ. ಸಂಕೋಚ ಸಹಜವೇ. ಟಿಕೆಟ್ ಮಾಡಿಸುವಾಗಲೇ ಕಿಟಕಿ ಬದಿಯ ಸೀಟು ಕೇಳಿ, ಅಗಲವಾದ ದುಪಟ್ಟಾ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಹೆಂಗಸರು ಕೂರುವಂತೆ ಸೀಟು ಬದಲಿಸಿಕೊಡಲು ಗಗನಸಖಿಯನ್ನು ಕೇಳಿದರೆ, ಸಾಧ್ಯವಿದ್ದಲ್ಲಿ ಮಾಡಿಕೊಡುತ್ತಾರೆ. ಇಷ್ಟಾದ ಮೇಲೂ ಯಾರಾದರೂ ತಿರುಗಿ ನೋಡಿದರೆ ತಪ್ಪು ನೋಡುವವರದು, ತಾಯಿಯದಲ್ಲ. ಸಂಕೋಚಕ್ಕೆ ಕೂಸಿನ ಕಿವಿ ನೋಯಬೇಕೇ?

ನೆಲ ಮುಟ್ಟಲು ಇಪ್ಪತ್ತು, ಮೂವತ್ತು ನಿಮಿಷ ಇರುವಾಗಲೇ ವಿಮಾನ ಇಳಿಯತೊಡಗುತ್ತದೆ. ಆಗ ಕೂಸು ಮಲಗಿದ್ದರೂ ಎಬ್ಬಿಸಿ. ಮಲಗಿದ ಕೂಸು ನುಂಗುವುದು ಕಡಿಮೆ. ಬಾಟಲಿ ಹಾಲಾದರೂ ಸರಿ, ದೊಡ್ಡ ಮಗುವಾದರೆ ಗುಟುಕು ಗುಟುಕಾಗಿ ನೀರು ಕೊಡಿ. ಕಿವಿಗೆ ಹತ್ತಿ ತುರುಕುವುದರಿಂದ ಪ್ರಯೋಜನವಿಲ್ಲ, ಒತ್ತಡ ಇರುವುದು ತಮಟೆಯ ಹಿಂದೆ. ಎಲ್ಲ ಮಾಡಿಯೂ ಅತ್ತರೆ ಅಳಲಿ. ಅಳುವಾಗಲೂ ಆ ನಾಳ ತೆರೆಯುತ್ತದೆ. ಸುತ್ತಲಿನವರ ಮುಖ ನೋಡಿ ಕುಗ್ಗಬೇಡಿ. ನಿದ್ದೆ ಬರಲೆಂದು ಕೆಮ್ಮಿನ ಔಷಧ ಕುಡಿಸುವವರಿದ್ದಾರೆ, ಅದು ಮಾತ್ರ ಬೇಡವೇ ಬೇಡ.

ಕೂಸಿಗೆ ನೆಗಡಿಯಾಗಿ ಮೂಗು ಕಟ್ಟಿದ್ದರೆ, ಕಿವಿ ಸೋರುತ್ತಿದ್ದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಬೇಡವೆಂದರೆ ಪ್ರಯಾಣ ಮುಂದೂಡಿ. ದಿನಾಂಕ ಬದಲಿಸಿದರೆ ದುಡ್ಡು ಹೋಗುತ್ತದೆಂದು ಗಂಡಸರು ಗೊಣಗಬಹುದು. ಗೊಣಗಲಿ.

ಇನ್ನು ಕಾಗದಪತ್ರ. ಎರಡು ವರ್ಷ ತುಂಬದ ಕೂಸಿಗೆ ಬೇರೆ ಸೀಟು ಇಲ್ಲ, ತಾಯಿಯ ತೊಡೆಯೇ ಸೀಟು. ದರ ಕಡಿಮೆ, ಆದರೆ ಟಿಕೆಟ್ ಬೇಕೇ ಬೇಕು. ವಯಸ್ಸಿಗೆ ಜನನ ಪ್ರಮಾಣಪತ್ರ ಕೇಳುತ್ತಾರೆ. ಜನನ ನೋಂದಣಿ ಆಗುವುದು ಹೆರಿಗೆಯಾದ ಊರಿನಲ್ಲಿ, 21 ದಿನಗಳೊಳಗಾದರೆ ಶುಲ್ಕವೂ ಇಲ್ಲ. ಆದ್ದರಿಂದ ತವರಿನಲ್ಲಿರುವಾಗಲೇ ಪತ್ರ ಪಡೆದು ಜೋಪಾನ ಮಾಡಿ. ಹೋಗುವಾಗ ಎರಡು ವರ್ಷ ತುಂಬಿರದೆ, ಮರಳುವ ಹೊತ್ತಿಗೆ ತುಂಬಿದರೆ ಮರಳುವ ಪ್ರಯಾಣಕ್ಕೆ ಮಗುವಿಗೆ ಸ್ವಂತ ಸೀಟು ತೆಗೆದುಕೊಳ್ಳಬೇಕು. ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ತಂದೆ ಅಥವಾ ತಾಯಿಯ ಪಕ್ಕದಲ್ಲೇ ಕೂರಿಸಬೇಕೆಂದು 2024ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಮಾನ ಕಂಪೆನಿಗಳಿಗೆ ಸೂಚಿಸಿದೆ. ಬೇರೆ ಬೇರೆ ಕೂರಿಸಿದರೆ ಕೌಂಟರಿನಲ್ಲಿ ಧೈರ್ಯವಾಗಿ ಕೇಳಿ.

ಬುರ್ಖಾ ಧರಿಸುವ ಸಹೋದರಿಯರಿಗೆ ಇನ್ನೊಂದು ಅಳುಕು ಇರುತ್ತದೆ. ಬಾಗಿಲಲ್ಲಿ ಗುರುತಿನ ಚೀಟಿಯ ಚಿತ್ರವನ್ನೂ ಮುಖವನ್ನೂ ಹೋಲಿಸುತ್ತಾರೆ. ನಿಖಾಬ್ ಇದ್ದರೆ ಮಹಿಳಾ ಸಿಬ್ಬಂದಿಯನ್ನು ಕರೆಯಿರಿ ಎಂದು ವಿನಯದಿಂದ ಕೇಳಬಹುದು. ಒಳಗಿನ ತಪಾಸಣೆ ಹೆಂಗಸರಿಂದಲೇ, ಪರದೆಯ ಮರೆಯಲ್ಲಿ ನಡೆಯುತ್ತದೆ.

ತವರಿನ ಗಂಟು ಕಟ್ಟುವಾಗ ಕೊಬ್ಬರಿ ಬಟ್ಟಲು ಬೇಡ. ಒಣಕೊಬ್ಬರಿಯ ಎಣ್ಣೆಯಂಶ ಕಾವಿಗೆ ಹೊತ್ತಿಕೊಳ್ಳಬಹುದೆಂದು ವಿಮಾನದಲ್ಲಿ ಅದಕ್ಕೆ ನಿಷೇಧವಿದೆ. ಖಾರದಪುಡಿ, ಉಪ್ಪಿನಕಾಯಿ ಕೈಚೀಲದಲ್ಲಿ ಇರಬಾರದು. ಕೂಸಿನ ಹಾಲು, ಆಹಾರ ಮಾತ್ರ ಜೊತೆಗೇ ಇರಲಿ, ಇನ್ನೊಂದು ಜೊತೆ ಬಟ್ಟೆ ಮತ್ತು ಕುಂಚಿಗೆಯೂ. ವಿಮಾನದೊಳಗೆ ತಣ್ಣಗಿರುತ್ತದೆ.

ನಿಜವಾದ ದಣಿವು ಆಕಾಶದಲ್ಲಲ್ಲ, ಹುಬ್ಬಳ್ಳಿಯ ಹಾದಿಯಲ್ಲಿ. ಬಾಗಲಕೋಟೆಯಿಂದ ಕೆರೂರು, ನರಗುಂದ, ನವಲಗುಂದ ದಾಟಿ ಹೋಗಬೇಕು, ಇಳಕಲ್ಲಿನವರಿಗೆ ಇನ್ನೂ ದೂರ. ಸಾಮಾನ್ಯವಾಗಿ ಕೌಂಟರು ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಹಾಲು ಕುಡಿಸುವಷ್ಟು ಸಮಯ ಇಟ್ಟುಕೊಂಡೇ ಮನೆ ಬಿಡಿ. ವಿಮಾನದಲ್ಲಿ ಕೂಸಿನ ಬೆಲ್ಟನ್ನು ಗಗನಸಖಿ ತಂದುಕೊಡುತ್ತಾಳೆ, ನಿಮ್ಮ ಬೆಲ್ಟಿಗೇ ಸೇರಿಸಿ ಕಟ್ಟುವಂಥದ್ದು. ಕಟ್ಟುವುದು ತಿಳಿಯದಿದ್ದರೆ ಅವಳನ್ನೇ ಕೇಳಿ. ಇಳಿಯುವಾಗ ನೂಕುನುಗ್ಗಲಿನಲ್ಲಿ ಏಳಬೇಡಿ. ಎಲ್ಲರೂ ಹೋದ ಮೇಲೆ ಚೀಲ ಇಳಿಸಿಕೊಡಲು ಹೇಳಿ, ಕೂಸನ್ನು ಎತ್ತಿಕೊಂಡು ನಿಧಾನವಾಗಿ ಮೆಟ್ಟಿಲಿಳಿಯಿರಿ. ಹೊರಗೆ ಅದರ ಅಬ್ಬಾ ಕಾಯುತ್ತಿರುತ್ತಾರೆ.