ಓಡುತ್ತಿದೆಯಲ್ಲ, ಬಿಡಿ ಸಾರ್!

ಪುಣೆಯ ಭೋಸರಿ, ಚಾಕಣ ಕಡೆಯ ಸಣ್ಣ ಕಾರ್ಖಾನೆಗಳಿಗೆ ಕೆಲಸದ ಮೇಲೆ ಹೋದಾಗ ನಾನು ಮೊದಲು ಕೇಳುವುದು, "ಸರ್ವರ್ ಎಲ್ಲಿಟ್ಟಿದ್ದೀರಿ?" ಎಂದು. ಮೆಟ್ಟಿಲ ಕೆಳಗೋ ಹಳೇ ಫೈಲುಗಳ ಕಪಾಟಿನ ಪಕ್ಕವೋ ದೂಳು ಹೊದ್ದು ಗುಂಯ್‌ಗುಡುವ ಪೆಟ್ಟಿಗೆಯೊಂದನ್ನು ತೋರಿಸುತ್ತಾರೆ. ಟ್ಯಾಲಿ, ಬಿಲ್ಲಿಂಗ್, ಹಾಜರಿ, ಜಿಎಸ್‌ಟಿ ಲೆಕ್ಕ ಎಲ್ಲ ಅದರೊಳಗೇ. ಕೊನೆಯ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ ಎಂದರೆ ಮಾಲೀಕರು ಮರಾಠಿಯವರಾಗಲಿ, ನಮ್ಮ ಕನ್ನಡದವರಾಗಲಿ, ಉತ್ತರ ಒಂದೇ: "ಓಡುತ್ತಿದೆಯಲ್ಲ, ಬಿಡಿ ಸಾರ್!"

ಈ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಹೆದರಿಕೆ ಸಹಜವೇ. ಆದರೆ ಅದಕ್ಕೆ ಮದ್ದು, ಮೊದಲು ಒಂದು ಯಂತ್ರದಲ್ಲಿ ಹಾಕಿ ನೋಡಿ ಆಮೇಲೆ ಉಳಿದವಕ್ಕೆ ಹಾಕುವುದು. ವರ್ಷಗಟ್ಟಲೆ ಮುಟ್ಟದೇ ಇರುವುದಲ್ಲ.

ಮುಟ್ಟದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಈಕ್ವಿಫ್ಯಾಕ್ಸ್ ಕತೆ ನೋಡಿ. ಕೋಟ್ಯಂತರ ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿ. ಹಣಕ್ಕಾಗಲಿ ಎಂಜಿನಿಯರುಗಳಿಗಾಗಲಿ ಬರವಿರಲಿಲ್ಲ. ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿದ್ದ ದೊಡ್ಡ ತೂತಿಗೆ 2017ರ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಅದನ್ನು ಕೂಡಲೇ ಹಾಕಿ ಎಂದು ಕಂಪನಿಯೊಳಗೆ 400ಕ್ಕೂ ಹೆಚ್ಚು ಜನರಿಗೆ ಇಮೇಲ್ ಹೋಯಿತು. ಆದರೆ ಆ ಸಾಫ್ಟ್‌ವೇರ್ ಯಾವ ಯಾವ ಸರ್ವರ್‌ನಲ್ಲಿದೆ ಎಂಬ ಸರಿಯಾದ ಪಟ್ಟಿ ಇರಲಿಲ್ಲ. ಗ್ರಾಹಕರ ದೂರು ಸ್ವೀಕರಿಸುವ ಒಂದು ಹಳೇ ಪೋರ್ಟಲ್ ಹಾಗೇ ಉಳಿಯಿತು. ಮೇ ತಿಂಗಳಲ್ಲಿ ಕಳ್ಳರು ಒಳಗೆ ಬಂದರು.

ನನಗೆ ಇದಕ್ಕಿಂತ ದಿಗಿಲು ಹುಟ್ಟಿಸುವುದು ಮುಂದಿನ ಭಾಗ. ಜಾಲದಲ್ಲಿ ಹೋಗಿಬರುವ ಮಾಹಿತಿಯನ್ನು ತೆರೆದು ತಪಾಸಣೆ ಮಾಡುವ ಕಾವಲು ಸಾಧನವೂ ಅಲ್ಲಿತ್ತು. ಅದರ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಎಂದೋ ಮುಗಿದಿತ್ತು, ನವೀಕರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕಾವಲುಗಾರ ಬಾಗಿಲಲ್ಲೇ ಇದ್ದ, ಕಣ್ಣು ಮಾತ್ರ ಮುಚ್ಚಿತ್ತು. ಜುಲೈ 29ರಂದು ಸರ್ಟಿಫಿಕೇಟ್ ಬದಲಿಸಿದ ಕೂಡಲೇ ಕಳ್ಳಸಾಗಣೆ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಗಿಯಾಗಿತ್ತು. 2019ರ ರಾಜಿಯಲ್ಲಿ ಕಂಪನಿ ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದು ಅಂದರೆ ಇದೇ.

"ಅವರೆಲ್ಲ ದೊಡ್ಡವರು, ನಮ್ಮ ಹತ್ತಿರ ಕದಿಯಲು ಏನಿದೆ?" ಎನ್ನುತ್ತಾರೆ ನಮ್ಮ ಮಾಲೀಕರು. ಈಗಿನವರು ಕದಿಯಲೇಬೇಕೆಂದಿಲ್ಲ, ನಿಮ್ಮದೇ ಕಡತಗಳಿಗೆ ಬೀಗ ಜಡಿದರೆ ಸಾಕು. ದೆಹಲಿಯ ಏಮ್ಸ್ ಆಸ್ಪತ್ರೆಗೆ 2022ರ ನವೆಂಬರ್ 23ರಂದು ಆದದ್ದು ಅದೇ. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ರೋಗಿಗಳ ನೋಂದಣಿ, ಲ್ಯಾಬ್ ವರದಿ ಎಲ್ಲ ಹಲವು ದಿನ ಕೈಬರಹಕ್ಕೆ ಮರಳಿತು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್ ಉಳಿದಿದ್ದರಿಂದ ಮಾಹಿತಿ ಮರಳಿ ಸಿಕ್ಕಿತು. ಅದೂ ಅದೇ ಜಾಲದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ?

ನಾನು ಭೋಸರಿಯಲ್ಲಿ ಕಾಣುವ ಬ್ಯಾಕಪ್ ಸಾಮಾನ್ಯವಾಗಿ ಸರ್ವರ್‌ಗೇ ಸದಾ ಚುಚ್ಚಿರುವ ಒಂದು ಹಾರ್ಡ್‌ಡಿಸ್ಕ್. ಬೀಗ ಬಿದ್ದರೆ ಎರಡಕ್ಕೂ ಒಟ್ಟಿಗೇ ಬೀಳುತ್ತದೆ. ಒಳಗಿರುವುದು ಎಷ್ಟೋ ಕಡೆ ವಿಂಡೋಸ್ ಸರ್ವರ್ 2012. ಹಣ ಕೊಟ್ಟು ವಿಸ್ತರಿಸಿಕೊಂಡವರನ್ನು ಬಿಟ್ಟರೆ ಉಳಿದವರಿಗೆ 2023ರ ಅಕ್ಟೋಬರ್ 10ಕ್ಕೇ ಅದರ ಭದ್ರತಾ ಅಪ್‌ಡೇಟ್ ನಿಂತಿದೆ. ಪೆಟ್ಟಿಗೆ ಮಾತ್ರ ಇನ್ನೂ ಗುಂಯ್‌ಗುಡುತ್ತಿದೆ.

ಹೊಸ ಸರ್ವರ್ ಕೊಳ್ಳುವ ಮಾತು ಆಮೇಲಿರಲಿ. ಈ ವಾರ ನಿಮ್ಮ ಕಂಪ್ಯೂಟರ್ ರಿಪೇರಿಯವನು ಬಂದಾಗ, ಕಳೆದ ತಿಂಗಳ ಒಂದು ಇನ್‌ವಾಯ್ಸನ್ನು ಬ್ಯಾಕಪ್‌ನಿಂದ ತೆಗೆದು ಬೇರೆ ಯಂತ್ರದಲ್ಲಿ ತೆರೆದು ತೋರಿಸು ಎನ್ನಿ. ಅವನು ತಲೆ ಕೆರೆದುಕೊಂಡರೆ ಈ ತಿಂಗಳ ಅವನ ಬಿಲ್ ತಡೆಹಿಡಿಯಿರಿ.